ಅಂಚಿನಲ್ಲಿ ಬರೆದ ಸುಳ್ಳು

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ, ಶಿಗ್ಗಾಂವಿಯಿಂದ ಸವಣೂರಿನವರೆಗೆ ಇಂದು ಕನ್ನಡದಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲವರನ್ನು ಒಂದೆಡೆ ಕೂಡಿಸಿದರೆ, ಅವರಲ್ಲಿ ಅರ್ಧದಷ್ಟು ಮಂದಿಯಾದರೂ ಪ್ರೊ. ನುಜಹತ ಬಂಕಾಪುರ ಅವರ ಪೆನ್ಸಿಲ್ಲಿನ ಕೆಳಗೆ ಹಾದುಬಂದವರೇ ಆಗಿರುತ್ತಾರೆ. ಸ್ವತಃ ಅವರು ಪ್ರಕಟಿಸಿದ್ದು ಎರಡೇ ತೆಳ್ಳನೆಯ ಪ್ರಬಂಧ ಸಂಕಲನಗಳು. ಹಾನಗಲ್ಲಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ಬರೆಯುವುದು ಹೇಗೆ ಎಂಬುದರ ಜೊತೆಗೆ, ಬರೆದ ಮೇಲೆ ಜನರ ನಡುವೆ ಬದುಕುವುದು ಹೇಗೆ ಎಂಬುದನ್ನೂ ಕಲಿಸಿದರು. ಆ ಎರಡನೆಯ ಪಾಠವನ್ನು ಕಲಿಯದೇ ಹೋದ ವಿದ್ಯಾರ್ಥಿಯೊಬ್ಬನ ಕಥೆಯೇ ಈ ಅಭಿನಂದನೆ.

ಅವನ ಹೆಸರು ಶಂಭುಲಿಂಗ. ಈ ಲೇಖನ ಬರೆಯುತ್ತಿರುವವನೂ ಅವನೇ. ತಪ್ಪಿನ ಬಗ್ಗೆ ಬರೆಯುವಾಗ ‘ನಾನು’ ಎಂದು ಶುರುಮಾಡಿದರೆ ಕೈ ತನ್ನಷ್ಟಕ್ಕೆ ತನ್ನ ಪರವಾಗಿ ವಕಾಲತ್ತು ವಹಿಸುತ್ತದೆ, ‘ಅವನು’ ಎಂದು ಬರೆದು ನೋಡಿ ಎಂದು ಮೇಡಂ ತರಗತಿಯಲ್ಲಿ ಹೇಳುತ್ತಿದ್ದರು. ಆದ್ದರಿಂದ ಇಲ್ಲಿ ಅವನು ‘ಅವನು’.

ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದ ಹಸನಸಾಬರ ಮಗಳು ನುಜಹತ. ಕಟ್ಟು ಬಿಚ್ಚಿ, ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು, ಚುಕ್ಕೆ ಬಿದ್ದದ್ದನ್ನು ಪಕ್ಕಕ್ಕಿಡುತ್ತಿದ್ದ ತಂದೆಯ ಕೈಗಳನ್ನು ನೋಡಿ ಬೆಳೆದವರು. ೧೯೯೪ರಲ್ಲಿ ಹಾನಗಲ್ಲಿಗೆ ಬಂದ ಮೇಲೆ ವಿದ್ಯಾರ್ಥಿಗಳ ವಾಕ್ಯಗಳನ್ನು ಅವರು ಓದಿದ್ದೂ ಹಾಗೆಯೇ. ಅತಿಯಾದ ವರ್ಣನೆ ಕಂಡರೆ ಪೆನ್ಸಿಲ್ ನಿಲ್ಲಿಸಿ, “ಇದು ನಿನ್ನ ಕಣ್ಣು ಕಂಡಿದ್ದೋ, ಬಾಯಿ ಚಪಲಾನೋ?” ಎನ್ನುತ್ತಿದ್ದರು. ಹಿರೇಕೆರೂರಿನ ಕಡೆಯಿಂದ ಬರುವ ಹುಡುಗರಿಗೆ ಬಸ್ಸು ತಪ್ಪೀತೆಂದು ತಮ್ಮ ಕೊನೆಯ ತರಗತಿಯನ್ನು ಊಟದ ಹೊತ್ತಿಗೇ ಸರಿಸಿಕೊಂಡವರು. ಅದರಿಂದ ವರ್ಷಗಟ್ಟಲೆ ಅವರ ಡಬ್ಬಿಯ ಊಟ ಮೂರು ಗಂಟೆಗಾಯಿತು ಎಂಬುದು ಆ ಹುಡುಗರಿಗೆ ತಿಳಿಯಲೇ ಇಲ್ಲ.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರು ಇಟ್ಟಿದ್ದ ನಿಯಮ ಒಂದೇ. ಬದುಕಿರುವ ಯಾರ ಬಗ್ಗೆ ಬರೆದರೂ, ಹೆಸರು ಬದಲಿಸಿದ್ದರೂ, ಅವರ ಮನೆಗೆ ಹೋಗಿ ಕೂತು ಪೂರ್ತಿ ಓದಿ ಹೇಳಬೇಕು. ಕೇಳಿದವರು ಆಡಿದ ಮಾತನ್ನು, ಬೈಗುಳವಾದರೂ ಸರಿ, ಹಾಳೆಯ ಎಡ ಅಂಚಿನಲ್ಲಿ ಬರೆದುಕೊಂಡು ಬರಬೇಕು. ಅಂಚು ಖಾಲಿಯಿದ್ದ ಬರಹ ಅಚ್ಚಿಗೆ ಹೋಗುತ್ತಿರಲಿಲ್ಲ.

೨೦೦೯ರಲ್ಲಿ ಶಂಭುಲಿಂಗ ಪದವಿಯ ಕೊನೆಯ ವರ್ಷದಲ್ಲಿದ್ದ. ಊಟ ಸರೋಜವ್ವನ ಖಾನಾವಳಿಯಲ್ಲಿ. ಮಾತು ಕಡಿಮೆಯ ಹುಡುಗ. ಹೆಚ್ಚು ಮಾತಾಡದವರ ಎದುರು ಜನ ತಾವೇ ಬಾಯಿ ಬಿಡುತ್ತಾರೆ. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಸರೋಜವ್ವ ತನ್ನ ಗಂಡನ ವಿಷಯವಾಗಿ ಊರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಹೇಳಿದಳು. ಅವನು ಅದನ್ನು ಕಥೆ ಮಾಡಿದ. ಹೆಸರು ಬದಲಿಸಿದ, ಖಾನಾವಳಿಯ ಬಾಗಿಲಿನ ಗುರುತನ್ನು ಮಾತ್ರ, ವರ್ಣನೆ ಬಹಳ ಚೆನ್ನಾಗಿ ಬಂದಿದೆಯೆಂಬ ಮೋಹಕ್ಕೆ, ಇದ್ದ ಹಾಗೆಯೇ ಉಳಿಸಿಕೊಂಡ.

ಓದಿ ಹೇಳಲು ಹೋದದ್ದು ನಿಜ. “ಬಾ ತಮ್ಮಾ, ಬಿಸಿ ರೊಟ್ಟಿ ಅದ” ಎಂದು ಅವಳು ತಾಟು ಇಟ್ಟಳು. ಉಂಡ. ಚೀಲದಲ್ಲಿದ್ದ ಹಾಳೆಯನ್ನು ಹೊರಗೆ ತೆಗೆಯದೆ ಎದ್ದು ಬಂದ. ಕೋಣೆಗೆ ಬಂದು ಅಂಚಿನಲ್ಲಿ ತಾನೇ ಬರೆದ: ‘ಛಲೋ ಬರದಿ ತಮ್ಮಾ. ನನ್ನ ಕಷ್ಟ ನಾಲ್ಕು ಮಂದಿಗೆ ತಿಳೀಲಿ.’

ಮೇಡಂ ಆ ಸಾಲನ್ನು ಎರಡು ಸಲ ಓದಿದರು.

“ಇಷ್ಟೇ ಅಂದ್ಲೇನು?”

“ಹೂಂನ್ರಿ ಮೇಡಂ.”

“ನಡುವ ಎಲ್ಲೂ ತಡೀಲಿಲ್ಲ?”

“ಇಲ್ಲರಿ.”

ಅವರು ನಂಬಿದರು. ಕಥೆ ಅಚ್ಚಾಯಿತು, ಬಹುಮಾನವೂ ಬಂತು. ಸಂಚಿಕೆ ಹಾನಗಲ್ಲಿನ ಮನೆಮನೆಗೆ ಹೋದ ಎರಡನೆಯ ವಾರ, ಭತ್ತದ ವ್ಯಾಪಾರಿ ಉಳಿವೆಪ್ಪ ತುಂಬಿದ ಪಂಕ್ತಿಯಲ್ಲಿ ಕೂತು, “ಏನ್ ಸರೋಜವ್ವಾ, ನಿನ್ನ ಗಂಡನ ಪುರಾಣ ಕಾಲೇಜಿನ್ಯಾಗ ಅಚ್ಚಾಗೇತಂತಲ್ಲ, ನಮಗೂ ಒಂದೀಟು ಬಡಸು” ಎಂದ. ಪಂಕ್ತಿ ನಕ್ಕಿತು. ಮೂಲೆಯಲ್ಲಿ ಉಣ್ಣುತ್ತಿದ್ದ ಶಂಭುಲಿಂಗ ತಲೆಯೆತ್ತಲಿಲ್ಲ. ಸರೋಜವ್ವ ಬುಟ್ಟಿ ಕೆಳಗಿಟ್ಟು ಒಳಗೆ ಹೋದಳು. ಅಂದಿನಿಂದ ಬಡಿಸಲು ಹೊರಗೆ ಬರಲಿಲ್ಲ. ಅವನು ಅಂದಿನಿಂದ ಅಲ್ಲಿ ಉಣ್ಣಲಿಲ್ಲ.

ಮುಂದಿನ ವರ್ಷ ಮೇಡಂ ಸಂಚಿಕೆಯ ಸಂಪಾದಕತ್ವ ಬಿಟ್ಟರು. ಯಾರೊಂದಿಗೋ ಜಗಳವಾಡಿ ಬಿಟ್ಟರೆಂದು ಸುದ್ದಿಯಾಯಿತು. ಶಂಭುಲಿಂಗ ಅದನ್ನು ನಂಬಿದ. ನಾಲ್ಕು ಜನರೆದುರು ತಾನೂ ಹೇಳಿದ. ಪದವಿ ಮುಗಿಸಿ ಹಿರೇಕೆರೂರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ. ಆ ಕಥೆಯನ್ನೇ ಮೊದಲಿಗಿಟ್ಟು ಒಂದು ಪುಸ್ತಕವನ್ನೂ ತಂದ. ಪುಸ್ತಕ ಕೈಗೆ ಕೊಟ್ಟಾಗ ಮೇಡಂ ಪುಟ ತಿರುವಿ, ಅಂಚಿನ ಮೇಲೆ ಬೆರಳಾಡಿಸಿ, ಏನೂ ಅನ್ನಲಿಲ್ಲ. ಆ ಮೌನವನ್ನು ಅವನು ಮೆಚ್ಚುಗೆ ಎಂದುಕೊಂಡ.

ಮೇಡಂ ಅವರ ಈ ಅಭಿನಂದನ ಸಂಪುಟಕ್ಕೆ ಲೇಖನ ಕೇಳಿದಾಗ, ಮೇಡಂ ದಿನಾ ಊಟ ಮಾಡುವುದು ಸರೋಜವ್ವನ ಖಾನಾವಳಿಯಲ್ಲಿ ಎಂದು ಯಾರೋ ಹೇಳಿದರು. ಹದಿನಾರು ವರ್ಷದ ಮೇಲೆ ಅವನು ಆ ಹೊಸ್ತಿಲು ದಾಟಿದ್ದು ಹಾಗೆ. ಊಟದ ಹೊತ್ತು ಮುಗಿದಿತ್ತು. ಸರೋಜವ್ವ ಅವನನ್ನು ಗುರುತು ಹಿಡಿದಳು, ಕೂಡು ಎನ್ನಲಿಲ್ಲ. ಕೇಳಿದ್ದಕ್ಕೆ ಮಾತ್ರ ಹೇಳಿದಳು.

“ಆ ಉಳಿವೆಪ್ಪನ ಮಾತಾಗಿ ನಾಲ್ಕ ದಿನಕ್ಕ ನಿಮ್ಮ ಮೇಡಮ್ಮಾರು ಬಂದ್ರು. ಒಲಿ ಮುಂದ ಕುಂತು ಎಲ್ಲಾ ಓದಿ ಹೇಳಿದ್ರು. ನಾ ಬೈದೆ. ಬಾಯಿಗೆ ಬಂದಂಗ ಬೈದೆ. ತಲಿ ತಗ್ಗಿಸಿ ಕೇಳಿಸಿಕೊಂಡ್ರು. ಇದು ನಂದ ತಪ್ಪು ಅಂದ್ರು. ನಿನ್ನ ಹೆಸರು ಒಮ್ಮಿನೂ ತಗೀಲಿಲ್ಲ.”

ಮರುದಿನದಿಂದ ಮೇಡಂ ಮನೆಯ ಡಬ್ಬಿ ಬಿಟ್ಟು ಅಲ್ಲಿಯೇ ಊಟಕ್ಕೆ ಕೂತರು. ಜೊತೆಗೆ ಬೇರೆ ಅಧ್ಯಾಪಕರನ್ನೂ ಕರೆತಂದರು. ಸರೋಜವ್ವ ಬಂದು ಬಡಿಸಿದರೆ ಮಾತ್ರ ಉಣ್ಣುತ್ತೇನೆಂದು ಖಾಲಿ ತಾಟಿನ ಮುಂದೆ ಕೂತು ಎದ್ದುಹೋದ ದಿನಗಳಿದ್ದವು. ಹನ್ನೆರಡನೆಯ ದಿನ ಸರೋಜವ್ವ ರೊಟ್ಟಿಯ ಬುಟ್ಟಿ ಹಿಡಿದು ಹೊರಗೆ ಬಂದಳು. ತಾನು ಬಿಟ್ಟೋಡಿದ ಪಂಕ್ತಿಯಲ್ಲಿ, ತನ್ನ ಬದಲು ಹದಿನಾರು ವರ್ಷ ಇನ್ನೊಬ್ಬರು ಕೂತಿದ್ದರೆಂಬುದು ಶಂಭುಲಿಂಗನಿಗೆ ಇದನ್ನೆಲ್ಲ ಕೇಳಿದ ದಿನ ತಿಳಿಯಿತು.

ಈ ಲೇಖನವನ್ನು ಅವನು ಮೊದಲು ಓದಿ ಹೇಳಿದ್ದು ಸರೋಜವ್ವನಿಗೆ. ಮೂರು ಕಡೆ ತಡೆದಳು. ಆ ಸಾಲುಗಳು ಇಲ್ಲಿಲ್ಲ. ಮುಗಿದ ಮೇಲೆ ಅಂದಳು: “ಆವಾಗ ಹೆಸರು ಬ್ಯಾರೆ ಇಟ್ಟು ಬಾಗಲಾ ನಂದ ಬರದಿದ್ದಿ. ಈಗ ಹೆಸರು ನಂದ ಇರ್ಲಿ, ಬಾಗಲಾ ಬಿಡು.” ಅದನ್ನು ಅಂಚಿನಲ್ಲಿ ಬರೆದುಕೊಂಡ.

ಅಲ್ಲಿಂದ, ತಂದೆಯ ಮನೆಗೆಂದು ಸವಣೂರಿಗೆ ಹೋಗಿದ್ದ ಮೇಡಂ ಅವರ ಬಳಿ ಹೋಗಿ ಓದಿದ. ಅವರ ಗುಣಗಳನ್ನು ವರ್ಣಿಸಿದ್ದ ಇಡೀ ಪುಟಕ್ಕೆ ಪೆನ್ಸಿಲ್ ಅಡ್ಡ ಗೀಟು ಎಳೆಯಿತು. ಸುಳ್ಳಿನ ಭಾಗ ಬಂದಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಕೊನೆಗೆ ಅಂಚನ್ನು ಓದಿ, ಹದಿನಾರು ವರ್ಷದ ಹಿಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು.

“ಇಷ್ಟೇ ಅಂದ್ಲೇನು?”

“ಇಲ್ಲರಿ ಮೇಡಂ. ನಿನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ ಅಂದಾಳ್ರಿ.”

“ಅದನ್ನೂ ಬರಿ” ಎಂದು ಮೇಡಂ ಪೆನ್ಸಿಲ್ಲನ್ನು ಅವನ ಕೈಗೆ ಕೊಟ್ಟರು.

ಬರೆದಿದ್ದಾನೆ. ಮೇಡಂ ಬಹುಕಾಲ ಬಾಳಲಿ. ನಿವೃತ್ತಿಯ ನಂತರವೂ ಅವರ ಮಧ್ಯಾಹ್ನದ ತಾಟು ಆ ಪಂಕ್ತಿಯಲ್ಲಿಯೇ ಇರಲಿ, ಪೆನ್ಸಿಲ್ ಮೊಂಡಾಗದಿರಲಿ. ಅಂಚು ಖಾಲಿಯಿರುವ ಹಾಳೆಗಳು ಈ ಸೀಮೆಯಲ್ಲಿ ಇನ್ನೂ ಬಹಳ ಇವೆ. ಅವುಗಳಲ್ಲಿ ಶಂಭುಲಿಂಗನ ಮೊದಲ ಪುಸ್ತಕದ ಮೊದಲ ಕಥೆಯ ಹದಿನಾಲ್ಕು ಪುಟಗಳೂ ಸೇರಿವೆ.