ಟೆಲಿಗ್ರಾಮಿನ ಇಂಗ್ಲಿಷ್

1978ರ ಮಾತು. ಆಗ ನಾನು ಸಾಗರದ ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ನಮ್ಮ ಅಪ್ಪಯ್ಯ ರಿಟೈರ್ಡ್ ಕನ್ನಡ ಪಂಡಿತರು, ಹಳೇ ಶಾಸನ ಓದುವುದರಲ್ಲಿ ಪಳಗಿದವರು. ಕೆಳದಿ, ಇಕ್ಕೇರಿಗಳ ಬಗ್ಗೆ ರಿಸರ್ಚ್ ಮಾಡಲು ಇಂಗ್ಲೆಂಡಿನಿಂದ ಬಂದಿದ್ದ ಹೆಲೆನ್ ನಮ್ಮ ಮನೆಯಲ್ಲೇ ಇದ್ದುಕೊಂಡು ಅವರ ಹತ್ತಿರ ಕಲಿಯುತ್ತಿದ್ದಳು. ಆ ವಾರ ಇಬ್ಬರೂ ಶಾಸನ ನೋಡಲು ತೀರ್ಥಹಳ್ಳಿ ಹತ್ತಿರದ ಮೇಳಿಗೆಗೆ ಹೋಗಿದ್ದರು.

ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವಾಗ ಟೆಲಿಗ್ರಾಂ ಬಂತು. "ಫಾದರ್ ಸೀರಿಯಸ್. ತೀರ್ಥಹಳ್ಳಿ ಹಾಸ್ಪಿಟಲ್. ಕಮ್ ಅಟ್ ಒನ್ಸ್. ಹೆಲೆನ್." ಗಟ್ಟಿಯಾಗಿ ಓದಿದೆ. ಸೀರಿಯಸ್ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು.

ನಮ್ಮ ಕಡೆ ಯಾರೂ ಟೆಲಿಗ್ರಾಮಿನಲ್ಲಿ ಸಾವನ್ನು ಸಾವು ಅಂತ ಬರೆಯುತ್ತಿರಲಿಲ್ಲ. ಉಸಿರು ನಿಂತ ಮೇಲೂ 'ಸೀರಿಯಸ್, ಕೂಡಲೇ ಹೊರಡಿ' ಎಂದೇ ಕಳಿಸುವುದು. ಓದಿದವರಿಗೂ ಅದರ ಅರ್ಥ ಗೊತ್ತಿರುತ್ತಿತ್ತು.

ಪಕ್ಕದ ಮನೆಯಿಂದ ದೊಡ್ಡಪ್ಪ ಬಂದರು. ಕಾಗದ ನೋಡಿ ಕಣ್ಣೊರೆಸಿಕೊಂಡು, "ನಾವು ಗಂಡಸರು ಹೋಗಿ ವ್ಯಾನಿನಲ್ಲಿ ಕರ್ಕೊಂಡು ಬರ್ತೀವಿ. ಹೆಂಗಸರು ಮನೇಲೇ ಇರಿ. ಒಲೆ ಹಚ್ಚಬೇಡಿ" ಅಂದರು.

"ಸೀರಿಯಸ್ ಅಂತ ಮಾತ್ರ ಇದೆ ದೊಡ್ಡಪ್ಪ."

"ನಿನ್ನ ಕಾನ್ವೆಂಟ್ ಇಂಗ್ಲಿಷ್ ಸ್ಕೂಲಲ್ಲೇ ಇರ್ಲಿ ಮಾರಾಯ್ತಿ. ಟೆಲಿಗ್ರಾಮಿನ ಇಂಗ್ಲಿಷೇ ಬೇರೆ. ನಮ್ಮಮ್ಮ ಹೋದಾಗ ನಿನ್ನಪ್ಪಂಗೆ ನಾನೂ ಇದನ್ನೇ ಬರ್ದಿದ್ದೆ."

ಆಗ ನನಗೆ ಥಟ್ಟನೆ ಹೊಳೆಯಿತು. ಹೆಲೆನ್ ಇಂಡಿಯಾಕ್ಕೆ ಬಂದ ಹೊಸತರಲ್ಲಿ ಅವಳ ಅಣ್ಣ 'ಮದರ್ ಡೈಡ್ ದಿಸ್ ಮಾರ್ನಿಂಗ್' ಅಂತ ಟೆಲಿಗ್ರಾಂ ಕಳಿಸಿದ್ದನಂತೆ. ಊಟಕ್ಕೆ ಕೂತಾಗ ಅವಳು ಹೇಳಿದ್ದಳು. ಅಮ್ಮ ಬಡಿಸುವುದನ್ನು ನಿಲ್ಲಿಸಿ, "ಹಾಗೆ ಮುಖಕ್ಕೆ ಹೊಡೆದ ಹಾಗೆ ಬರೀತಾರೇನೇ?" ಎಂದು ನನ್ನನ್ನು ಕೇಳಿದ್ದಳು.

"ಇದನ್ನ ಬರೆದವಳು ನಮ್ಮವಳಲ್ಲ ದೊಡ್ಡಪ್ಪ. ಸತ್ತಿದ್ರೆ ಸತ್ರು ಅಂತಾನೇ ಬರೀತಿದ್ಲು."

ಆ ಮಾತು ಆ ಮನೆಯಲ್ಲಿ ಆಡುವಂಥದ್ದಲ್ಲ. ದೊಡ್ಡಪ್ಪ ಮುಖ ತಿರುಗಿಸಿದರು. ಅಮ್ಮ ಮಾತ್ರ ತಲೆಯೆತ್ತಿ ನನ್ನನ್ನೇ ನೋಡಿದಳು. ಆಮೇಲೆ ಎದ್ದು ಸೀರೆ ಬದಲಾಯಿಸಿಕೊಂಡು ಬಂದಳು. "ನಡಿ, ಬಸ್ಸು ತಪ್ಪುತ್ತೆ."

ದೊಡ್ಡಪ್ಪನೂ ಸೇರಿ ಮೂವರೂ ಬಸ್ಸು ಹತ್ತಿದೆವು. ನನ್ನ ಗ್ರಾಮರಿನ ಮೇಲೆ ಭರವಸೆಯಿಟ್ಟು ಅಮ್ಮನನ್ನು ಹೊರಡಿಸಿದ್ದೆ. ತಪ್ಪಾಗಿದ್ದರೆ? ಹೊಸನಗರದಲ್ಲಿ ಬಸ್ಸು ನಿಂತಾಗ ಅಮ್ಮ ಕಿಟಕಿಯಿಂದ ಕೈಚಾಚಿ ಒಂದು ಮೊಳ ಸೇವಂತಿಗೆ ಕೊಂಡಳು. ದೊಡ್ಡಪ್ಪ, "ಈಗ ಅದೆಲ್ಲ ಎಂತಕ್ಕೆ?" ಎಂದು ಸಣ್ಣ ದನಿಯಲ್ಲಿ ಹೇಳಿದರು. ಅಮ್ಮ ಹೂವನ್ನು ಮುಡಿದುಕೊಂಡಳು. 

ಹೆಲೆನ್ ಆಸ್ಪತ್ರೆ ಬಾಗಿಲಲ್ಲೇ ನಿಂತಿದ್ದಳು. "ಹಿ ಈಸ್ ಅವೇಕ್. ಅಮ್ಮನನ್ನು ಕೇಳುತ್ತಿದ್ದಾರೆ," ಅಂದಳು. ದೊಡ್ಡಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ಅಪ್ಪಯ್ಯನ ಎದೆನೋವು ಕಡಿಮೆಯಾಗಿರಲಿಲ್ಲ. ಮುಖ ಬಿಳಿಚಿತ್ತು. ಅಮ್ಮನನ್ನು ನೋಡಿ, "ಬಂದ್ಯಾ? ಇಷ್ಟು ಒಳ್ಳೆ ಹೂವು ಎಲ್ಲಿ ಸಿಕ್ತು?" ಎಂದರು.

"ಹೊಸನಗರದಲ್ಲಿ."

"ಹೂಂ. ಚೆನ್ನಾಗಿದೆ."

ಅಮ್ಮ ರಾತ್ರಿ ಅವರ ಪಕ್ಕದಲ್ಲೇ ಕೂತಿದ್ದಳು. ಮಾರನೇ ದಿನ ಮಧ್ಯಾಹ್ನ, ಅವಳ ಕೈಯಿಂದ ಎರಡು ಚಮಚ ಗಂಜಿ ಕುಡಿದ ಮೇಲೆ, ಅಪ್ಪಯ್ಯ ಹೋದರು.

ಮೈಸೂರಿನ ಹಾಸ್ಟೆಲಿನಲ್ಲಿದ್ದ ತಂಗಿ ವಸುಧಾಗೆ ತಿಳಿಸಬೇಕಿತ್ತು. ನಾನೂ ಹೆಲೆನ್ನೂ ಪೋಸ್ಟಾಫೀಸಿಗೆ ಹೋದೆವು. 'ಫಾದರ್' ಎಂದು ಬರೆದು ನನ್ನ ಪೆನ್ನು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ 'ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೆಟ್ಲಿ' ಎಂದು ಮುಗಿಸಿದೆ.

ಹೆಲೆನ್ ನನ್ನ ಭುಜದ ಮೇಲಿಂದ ನೋಡುತ್ತಿದ್ದಳು. "ಬಟ್ ಹಿ ಈಸ್ ಗಾನ್. ಅವಳಿಗೆ ಯಾಕೆ ಹೇಳೋದಿಲ್ಲ?"

"ಅವಳು ರಾತ್ರಿಯಿಡೀ ಒಬ್ಬಳೇ ಬಸ್ಸಿನಲ್ಲಿ ಬರಬೇಕು ಹೆಲೆನ್. ಪಕ್ಕದ ಸೀಟಿನಲ್ಲಿ ಯಾರಿರ್ತಾರೋ."

ಅವಳು ಫಾರಂ ತೆಗೆದುಕೊಂಡು ತಾನೇ ಕೌಂಟರಿಗೆ ಕೊಟ್ಟಳು.

ಈಗೆಲ್ಲ ಮೊಬೈಲಿನಲ್ಲಿ ಸಾವಿನ ಸುದ್ದಿ ಫೋಟೋ ಸಮೇತ ಬಂದುಬಿಡುತ್ತದೆ, ಎಲ್ಲಿದ್ದೇವೆ, ಯಾರ ಜೊತೆ ಇದ್ದೇವೆ ಎಂದು ಕೇಳದೆ. ಹೆಲೆನ್ ನೇರವಾಗಿ ಬರೆಯುವವಳಲ್ಲದಿದ್ದರೆ ಅಮ್ಮನಿಗೆ ಆ ಒಂದು ರಾತ್ರಿ ಸಿಗುತ್ತಿರಲಿಲ್ಲ. ಹಾಗಂತ ನಾನು ಬರೆದದ್ದು ಸುಳ್ಳು ಎನ್ನಲೂ ಮನಸ್ಸು ಒಪ್ಪುವುದಿಲ್ಲ.

ವಸುಧಾ ಮರುದಿನ ಬೆಳಿಗ್ಗೆ ಸಾಗರದಲ್ಲಿ ಬಂದಿಳಿದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಓದಿದ ಕೂಡ್ಲೇ ಗೊತ್ತಾಯ್ತು ಅಕ್ಕ. ಆದ್ರೂ ಇಲ್ಲಿ ತನಕ ಗೊತ್ತಿಲ್ಲ ಅಂದ್ಕೊಂಡೇ ಬಂದೆ."