ಎರಡು ಚೀಟಿ ಪಕ್ಕಪಕ್ಕ ಇಟ್ಟ ಸುಮಿತ್ರಾ

ಕಳೆದ ಜೂನ್‌ನ ಒಂದು ಸೋಮವಾರ ಹೊಸನಗರದ ಔಷಧಿ ಅಂಗಡಿಯಲ್ಲಿ ಅಮ್ಮನ ಎರಡು ಚೀಟಿ ಕೊಟ್ಟೆ. ಅಂಗಡಿಯ ಸುಮಿತ್ರಾ ಮಾತ್ರೆ ತೆಗೆಯದೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದು ಸಾಗರದ ವೈದ್ಯರು ನಿದ್ದೆಗೆ ಬರೆದದ್ದು, ಇನ್ನೊಂದು ತೀರ್ಥಹಳ್ಳಿಯ ವೈದ್ಯರು ಗಾಬರಿಗೆ ಬರೆದದ್ದು.

"ಅಮ್ಮ ನಡೆಯುವಾಗ ಓಲಾಡ್ತಾರಾ? ಮರೆವು ಇದ್ಯಾ?" ಎಂದು ಕೇಳಿದರು.

ಅಮ್ಮ ಎರಡು ಸಲ ಬಿದ್ದಿದ್ದರು. ನನ್ನ ಹೆಸರಿಗೂ ತಡವರಿಸುತ್ತಿದ್ದರು. ವಯಸ್ಸಿನ ಮರೆವು ಎಂದುಕೊಂಡಿದ್ದೆವು.

"ಹೆಸರು ಬೇರೆ ಅಷ್ಟೇ ಅಣ್ಣ, ಎರಡೂ ಒಂದೇ ಜಾತಿ ಮಾತ್ರೆ. ನಿದ್ದೆಗೂ ಕೊಡ್ತಾರೆ, ಗಾಬರಿಗೂ ಕೊಡ್ತಾರೆ. ಸೇರಿದ್ರೆ ಮಂಪರು ಜಾಸ್ತಿ, ಓಲಾಟ, ಮರೆವೂ ಬರುತ್ತೆ. ಹಾಗಂತ ನೀವೇ ತಟ್ಟನೆ ನಿಲ್ಸಬೇಡಿ, ಫಿಟ್ಸ್ ಬರಬಹುದು. ಇವತ್ತೇ ಎರಡೂ ಚೀಟಿ ಡಾಕ್ಟರಿಗೆ ತೋರ್ಸಿ."

ತೋರಿಸಿದೆ. ಒಬ್ಬ ವೈದ್ಯರ ಚೀಟಿಯ ವಿಷಯ ಇನ್ನೊಬ್ಬರಿಗೆ ನಾವು ಹೇಳಿಯೇ ಇರಲಿಲ್ಲ. ಸಾಗರದ ವೈದ್ಯರು ಒಂದು ಮಾತ್ರೆಯನ್ನು ವಾರವಾರ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಿದರು. ಇನ್ನೊಂದು ಈಗ ಅರ್ಧಕ್ಕೆ ಬಂದಿದೆ. "ನಂಗೆ ಅರಳುಮರಳು ಅಂತ ನೆಂಟರಿಗೆಲ್ಲ ಫೋನ್ ಮಾಡಿದ್ಯಲ್ಲ, ಈಗ ಮತ್ತೆ ಮಾಡು" ಎನ್ನುತ್ತಾರೆ ಅಮ್ಮ.

ಕಳೆದ ಮಂಗಳವಾರ ಅವರು ನಮ್ಮೂರು ಹುಂಚದಿಂದ ಒಬ್ಬರೇ ಬಸ್ಸು ಹತ್ತಿ ಹೊಸನಗರಕ್ಕೆ ಬಂದು, ಅಂಗಡಿಯ ಮುಂದೆ ನಿಂತು, "ಸುಮಿತ್ರಾ" ಎಂದು ಹೆಸರು ಹಿಡಿದು ಕರೆದರು.