ಹಗೇವಿಗೆ ಇಳಿಸಿದ ಕಂದೀಲು

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಚಹಾದಂಗಡಿ ಮುಂದೆ ನಾವು ನಾಲ್ಕೈದು ಮುದುಕರು ದಿನಾ ಬೆಳಿಗ್ಗೆ ಕೂಡುತ್ತೇವೆ. ನಿವೃತ್ತ ಮಾಸ್ತರ ಸೋಮಪ್ಪ ಒಂದೇ ರಾಗ ತೆಗೆಯುತ್ತಾನೆ. 'ನಮ್ಮ ಹರೇದ ಕಾಲ ಅಂದ್ರ ಬಂಗಾರದಂಥಾ ಕಾಲ ಬಿಡ್ರಿ.' ಉಳಿದವರು ಗೋಣು ಹಾಕುತ್ತಾರೆ. ನನಗೆ ಮೈ ಉರಿಯುತ್ತದೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ. ಅರವತ್ತರ ದಶಕದಲ್ಲಿ ನಾನೂ ಹದಿನಾರರ ಹುಡುಗನೇ. ತಾಸಿನ ಲೆಕ್ಕದ ಬಾಡಿಗೆ ಸೈಕಲ್ಲು, ಟೆಂಟಿನ ಟಾಕೀಸಿನಲ್ಲಿ ಉಸುಕಿನ ಮೇಲೆ ಕೂತು ನೋಡಿದ ಸಿನಿಮಾ, ಪಂಚಾಯತಿ ಕಟ್ಟೆಯ ರೇಡಿಯೋ, ಎಣ್ಣೆ ಸುರಿದು ತೆಗೆದ ಬೈತಲೆ, ಎಲ್ಲ ಇತ್ತು. ಇಲ್ಲ ಅನ್ನುವುದಿಲ್ಲ. ಆದರೆ ಆ ವಯಸ್ಸಿನಲ್ಲಿ ನನಗಿದ್ದ ದೊಡ್ಡ ಆಸ್ತಿ ಎಂದರೆ ಅಪ್ಪನ ಹೆದರಿಕೆ.

ನನ್ನ ಹೆಸರು ಸಿದ್ದಲಿಂಗಪ್ಪ. ಊರು ಕುಪ್ಪೇಲೂರು. ಮೂವತ್ತೈದು ವರ್ಷ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ನಡೆಸಿ ಈಗ ಮನೆಯಲ್ಲಿದ್ದೇನೆ. ಮನೆಯವರಿಗೆ ನಾನು ಅಂಜುಬುರುಕ. ಲಿಫ್ಟು ಹತ್ತುವುದಿಲ್ಲ, ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಮೊಮ್ಮಗಳು ಐಶ್ವರ್ಯ, 'ಅಜ್ಜಾ, ಒಳಗಿದ್ದಾಗ ಹಾಡು ಹೇಳು, ಅಂದ್ರ ನಮಗ ಗೊತ್ತಾಗತೈತಿ' ಎಂದು ಕಾಡುತ್ತಾಳೆ. ಯಾಕೆ ಈ ಅಂಜಿಕೆ ಎಂದು ಯಾರೂ ಕೇಳಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ.

ಹೋದ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಕುಪ್ಪೇಲೂರಿನಿಂದ ತೌಸಿಫ್ ಫೋನ್ ಮಾಡಿದ. ತೌಸಿಫ್ ನಮ್ಮೂರ ಮೈಮುನಾಬಿಯ ಮೊಮ್ಮಗ, ವೆಲ್ಡಿಂಗ್ ಕೆಲಸದ ಹುಡುಗ. ಬಿದ್ದುಹೋದ ನಮ್ಮ ಹಳೇ ಮನೆಯ ಜಾಗ ಕೊಂಡು ಅಲ್ಲಿ ಮನೆ ಕಟ್ಟಿಸಲು ಹೊರಟಿದ್ದ.

'ಅಜ್ಜಾರ, ಪಾಯಾ ತೋಡಾಕ ಜೆಸಿಬಿ ಹಚ್ಚಿದ್ದೆ, ನಿಮ್ಮ ಹಳೇ ಹಗೇವು ಸಿಕ್ಕೈತಿ ನೋಡ್ರಿ. ಬಾಯಿಕಲ್ಲು ಕಿತ್ತ ಬಂತು. ಒಳಗ ಇಳದು ವಿಡಿಯೋ ಮಾಡಿ ಕಳಸ್ತೇನಿ.'

ನಾನು ಚಹಾ ಬಿಟ್ಟು ಎದ್ದು ನಿಂತೆ. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಒಳಗೆ ಎರಡಾಳು ಆಳ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ನಮ್ಮ ಕಡೆ ಅದಕ್ಕೆ ಝಳ ಅನ್ನುತ್ತಾರೆ. ಬಾಯಿ ತೆಗೆದು ಒಂದು ದಿನ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಇಳಿಸಬೇಕು. ಕಂದೀಲು ಉರಿದರೆ ಇಳಿಯಬಹುದು. ಆರಿದರೆ ಇಳಿದವನು ಮೇಲೆ ಬರುವುದಿಲ್ಲ.

'ಇಳೀಬ್ಯಾಡೋ ತಮ್ಮಾ. ಒಳಗ ಝಳ ಇರತೈತಿ.'

'ಮೊಬೈಲ್ ಟಾರ್ಚ್ ಹಚ್ಚಿ ಹಗ್ಗದಾಗ ಇಳಿಬಿಟ್ಟು ನೋಡೇನ್ರಿ. ತಳದ ತನಕ ಬೆಳಕು ಐತಿ, ಆರಿಲ್ಲ.'

'ಮೊಬೈಲ್ ಎಂದಾರ ಆರತೈತೇನೋ ಹುಚ್ಚಾ? ಬೆಂಕಿ ಇಳಿಸಿ ನೋಡಬೇಕು.'

'ಅದೂ ಸುಳ್ಳ ಬಿಡ್ರಿ ಅಜ್ಜಾರ. ನಮ್ಮ ಮುತ್ತಜ್ಜ ಇದ ಹಗೇವಿಗೆ ಇಳದಾಗ ಕಂದೀಲು ಉರೀತಿತ್ತಂತ. ಅಂವ ಝಳಕ್ಕ ಸತ್ತಿಲ್ಲ, ಎದಿ ಒಡದು ಸತ್ತಾನ. ಅವತ್ತ ಕಂದೀಲು ಹಿಡದಾವ್ರು ನೀವ ಅಲ್ರಿ?'

ಹೌದು, ನಾನೇ. ಆಗಲೇ ಹೇಳಿಬಿಡಬೇಕಿತ್ತು. ಫೋನಿನಲ್ಲಿ ಒಂದು ಮಾತು ಸಾಕಿತ್ತು. ಆದರೆ ಎಪ್ಪತ್ತಾರು ವರ್ಷದ ನನ್ನ ನಾಲಿಗೆ ಹದಿನಾರರಲ್ಲಿ ಒಣಗಿದಂತೆಯೇ ಒಣಗಿತು. 'ನಾ ಬರೂತನಕ ಇಳೀಬ್ಯಾಡ' ಎಂದಷ್ಟೇ ಅಂದೆ. 'ಜೆಸಿಬಿಯಾಂವ ನಿಂದ್ರೂದಿಲ್ರಿ' ಎನ್ನುತ್ತಿರುವಾಗಲೇ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ. ಊರಲ್ಲಿರುವ ನನ್ನ ತಮ್ಮನ ಮಗ ವಿಜಯಮಹಾಂತೇಶನಿಗೆ ಹಚ್ಚಿದೆ. ಅವನು ಮೆಣಸಿನಕಾಯಿ ಚೀಲ ಹಾಕಿಕೊಂಡು ಬ್ಯಾಡಗಿ ಪೇಟೆಗೆ ಹೋಗಿ ಕೂತಿದ್ದ. ದೇವರು ಕಣ್ಣು ಮುಚ್ಚಿದರೆ ಎಲ್ಲ ಕಡೆಯೂ ಮುಚ್ಚುತ್ತಾನೆ.

ಪರಿಚಯದ ಆಟೋದವನನ್ನು ಎಬ್ಬಿಸಿ ಕುಪ್ಪೇಲೂರಿಗೆ ಹೊಡೆಯಲು ಹೇಳಿದೆ. 'ಯಾರಿಗರ ಆರಾಮಿಲ್ಲೇನ್ರಿ?' ಎಂದು ಕೇಳಿದ. 'ಲಗೂ ಹೊಡಿ' ಎಂದೆ. ಇಳಿದನೋ, ಇಳಿಯುತ್ತಿದ್ದಾನೋ, ಇಳಿದು ಎಷ್ಟು ಹೊತ್ತಾಯಿತೋ. ದಾರಿಯುದ್ದಕ್ಕೂ ಅದೊಂದೇ. ಆ ಹಗೇವಿನ ತಳದಲ್ಲಿ ಏನಿದೆ ಎಂದು ಬದುಕಿರುವವರಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಅರವತ್ತಾರನೇ ಇಸವಿಯ ಬೇಸಿಗೆ. ತೌಸಿಫನ ಮುತ್ತಜ್ಜ ಫಕ್ಕೀರಸಾಬ ಊರಿನ ಹಗೇವುಗಳಿಗೆ ಇಳಿದು ಜೋಳ ತೆಗೆಯುವ ಮನುಷ್ಯ. ಸಣ್ಣ ಕಟ್ಟು, ಕಿರಿದಾದ ಹೆಗಲು. ಬಿಸ್ಮಿಲ್ಲಾ ಅಂದು, ಪಕ್ಕದಲ್ಲಿ ನಿಂತ ನಮ್ಮವ್ವನಿಗೂ ಕೈ ಮುಗಿದು ಇಳಿಯುತ್ತಿದ್ದ. ಅವನ ಮಗ ಮಹಮ್ಮದ್ ಹನೀಫ್ ನನ್ನ ಜೀವದ ಗೆಳೆಯ. ಮಗಳು ಮೈಮುನಾ ನಮಗಿಂತ ಎರಡು ವರ್ಷ ಸಣ್ಣವಳು.

ಹಗೇವಿನ ಜೋಳ ತೆಗೆಯುವ ಹಿಂದಿನ ಸಂಜೆ ಹನೀಫ್ ಮತ್ತು ನಾನು ಒಂದೇ ಸೈಕಲ್ಲಿನಲ್ಲಿ ರಾಣೆಬೆನ್ನೂರಿಗೆ ಸಿನಿಮಾಕ್ಕೆ ಹೋದೆವು. ಆಗ ದೀಪವಿಲ್ಲದ ಸೈಕಲ್ಲು ಕಂಡರೆ ಪೊಲೀಸರು ಗಾಲಿಯ ಗಾಳಿ ಬಿಟ್ಟು ಕಳಿಸುತ್ತಿದ್ದರು. ಅದಕ್ಕೆಂದು ನಾನು ಯಾರಿಗೂ ಹೇಳದೆ ಮನೆಯ ಕಂದೀಲಿನ ಸೀಮೆಎಣ್ಣೆಯನ್ನು ಸೈಕಲ್ಲಿನ ದೀಪಕ್ಕೆ ಬಗ್ಗಿಸಿಕೊಂಡಿದ್ದೆ. ಸೀಮೆಎಣ್ಣೆ ಸಿಗುವುದೇ ಕಷ್ಟದ ಕಾಲ. ಅಪ್ಪ ಒಂದು ಹನಿ ಚೆಲ್ಲಿದರೂ ಬಾರಕೋಲು ತೆಗೆದುಕೊಳ್ಳುತ್ತಿದ್ದ.

ಮರುದಿನ ಕಂದೀಲು ಇಳಿಸುವ ಕೆಲಸ ನನಗೇ ಬಂತು. ಎದೆಮಟ್ಟಕ್ಕೆ ಇಳಿದಾಗ ಉರಿಯುತ್ತಿತ್ತು. ಇನ್ನೊಂದು ಮಾರು ಹಗ್ಗ ಬಿಟ್ಟೆ. ಜ್ವಾಲೆ ಸಣ್ಣಗಾಗಿ ನೀಲಿಯಾಗಿ ಆರಿತು. ಎಣ್ಣೆ ತೀರಿ ಆರಿತು ಎಂದುಕೊಂಡೆ. ಹಾಗೆಯೇ ಅಂದುಕೊಳ್ಳಲು ನನಗೆ ಬೇಕಿತ್ತು. ಬಾಗಿಲಲ್ಲಿ ನಿಂತ ಅಪ್ಪ 'ದೀಪ ಐತೇನೋ?' ಎಂದು ಕೇಳಿದ. ಇಲ್ಲ ಅಂದರೆ ಕಂದೀಲು ಮೇಲೆಳೆದು ಎಣ್ಣೆ ನೋಡುತ್ತಾನೆ, ಬಾರಕೋಲು ಕೈಗೆ ಬರುತ್ತದೆ. ಹಗೇವಿನ ಬಾಯಿಯ ಮೇಲೆ ಅಡ್ಡ ಬಾಗಿ ನಿಂತು 'ಐತ್ರಿ ಅಪ್ಪಾ' ಎಂದೆ; ಕಂದೀಲನ್ನು ಮೇಲೆಳೆದು ಬೆನ್ನ ಹಿಂದೆ ಮರೆಮಾಡಿದೆ.

ಫಕ್ಕೀರಸಾಬ ಕಾಕಾ ನನ್ನ ತಲೆ ಸವರಿ ಇಳಿದ. 'ಬುಟ್ಟಿ ಬಿಡ್ರಿ' ಎಂದ ದನಿ ಒಂದೇ ಸಲ ಕೇಳಿತು. ಸೊಂಟಕ್ಕೆ ಕಟ್ಟಿದ್ದ ಹಗ್ಗದಿಂದ ಅವನನ್ನು ಎಳೆದು ಹೊರಗೆ ಹಾಕುವಷ್ಟರಲ್ಲಿ ಮುಗಿದಿತ್ತು. ದೀಪ ಆರಿಲ್ಲ ಎಂದ ಮೇಲೆ ಝಳ ಹೇಗಾದೀತು, ಎದೆ ಒಡೆದಿರಬೇಕು ಎಂದು ಹಿರಿಯರು ತೀರ್ಮಾನ ಕೊಟ್ಟರು. ಹಗೇವಿನ ಬಾಯಿಗೆ ಕಲ್ಲು ಹಾಕಿ ಮಣ್ಣು ಮುಚ್ಚಿದರು. ಇದ್ದ ಜೋಳ ಒಳಗೇ ಉಳಿಯಿತು. ನಾನೂ ಬಾಯಿ ಮುಚ್ಚಿಕೊಂಡೆ.

ಆಟೋ ನಿಂತಾಗ ತೌಸಿಫ್ ಎಲ್ಲಿಂದಲೋ ಏಣಿ ಹುಡುಕಿ ತಂದು ಹಗೇವಿನೊಳಗೆ ಬಿಟ್ಟು ಆಗಷ್ಟೇ ಸೊಂಟದವರೆಗೆ ಇಳಿದಿದ್ದ. ಮೈಮುನಾಬಿ ಇಟ್ಟಿಗೆಯ ರಾಶಿ ಮೇಲೆ ಕೂತು ಮೊಮ್ಮಗನ ಆಟ ನೋಡುತ್ತ ನಗುತ್ತಿದ್ದಳು. ನಾನು ಎಡವುತ್ತ ಓಡಿ ಅವನ ರಟ್ಟೆ ಹಿಡಿದುಕೊಂಡೆ. ನನ್ನ ಹಿಡಿತಕ್ಕಲ್ಲ, ನನ್ನ ಮುಖ ನೋಡಿಯೇ ಅವನು ಮೇಲೆ ಬಂದ.

ಅಂಗಡಿಯಿಂದ ಮೇಣಬತ್ತಿ ತರಿಸಿದೆ. ಬಕೀಟಿನಲ್ಲಿ ಹಚ್ಚಿ ನಿಲ್ಲಿಸಿ ಹಗ್ಗ ಬಿಟ್ಟೆ. ಏಣಿಯ ಅರ್ಧಕ್ಕೆ ಹೋಗುವಷ್ಟರಲ್ಲಿ ಜ್ವಾಲೆ ಸಣ್ಣಗಾಗಿ ನೀಲಿಯಾಗಿ ಆರಿತು. 'ಗಾಳಿ ಬಡದಿರಬೇಕು' ಎಂದ ತೌಸಿಫ್. ಹೊಸ ಮೇಣಬತ್ತಿ ಹಚ್ಚಿ ಮತ್ತೆ ಇಳಿಸಿದೆ. ಅದೇ ಜಾಗಕ್ಕೆ ಆರಿತು. ಹುಡುಗ ಏಣಿ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ.

'ಮತ್ತ ಅವತ್ತು ಯಾಕ ಆರಲಿಲ್ರಿ?' ಎಂದ.

ಇನ್ನು ಮೀನಮೇಷ ಎಣಿಸುವ ಹಾಗಿರಲಿಲ್ಲ.

'ಅವತ್ತೂ ಆರಿತ್ತೋ. ಎಣ್ಣಿ ತೀರೇತಿ ಅಂದ್ಕೊಂಡೆ. ಎಣ್ಣಿ ಕದ್ದಾಂವ ನಾನ. ಅಪ್ಪ ಬಡೀತಾನ ಅಂತ ಅಂಜಿ, ದೀಪ ಐತಿ ಅಂದೆ.'

ಜೆಸಿಬಿಯವನು ಇಂಜಿನ್ ಬಂದ್ ಮಾಡಿದ. ಮೈಮುನಾಬಿ ಇಟ್ಟಿಗೆ ಮೇಲಿಂದ ಎದ್ದು ನನ್ನ ಹತ್ತಿರ ಬಂದಳು. ಬೈಯಲಿ, ಹೊಡೆಯಲಿ, ಮಣ್ಣು ತೂರಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಮೆಲ್ಲಗೆ ಕೇಳಿದಳು.

'ಹಂಗಾರ ನಮ್ಮ ಅಬ್ಬಾನ ಎದಿಗೆ ಏನೂ ಆಗಿರಲಿಲ್ರಿ ಅಣ್ಣಾ?'

'ಇಲ್ಲವಾ ತಂಗಿ.'

'ಹನೀಫ್ ಪೊಲೀಸ್ ಭರ್ತಿಗೆ ಹೊಂಟು ನಿಂತಿದ್ದ, ನಿಮಗ ಗೊತ್ತಿಲ್ಲೇನು? ಅಮ್ಮಾ ಹೊಸ್ತಿಲದಾಗ ಅಡ್ಡ ಮಲಗಿದ್ಲು. ನಿಮ್ಮಪ್ಪನ ಎದಿನ ನಿನಗೂ ಬಂದಿರತೈತಿ, ಭರ್ತಿಯಾಗ ಓಡಿಸಿದ್ರ ಅಲ್ಲೇ ಬೀಳ್ತಿ ಅಂತ. ಅವಾಗಿಂದ ಅಂವ ಒಂದ ದಿನ ಬಿರಬಿರನ ನಡೀಲಿಲ್ಲ. ಮಕ್ಕಳನ್ನ ಎತ್ತಿ ಆಡಸಲಿಲ್ಲ. ಮಲಗಿದ್ರ ಎದಿ ಮ್ಯಾಲ ಕೈ. ಮುಂಜಾನೆ ಏಳ್ತೀನೋ ಇಲ್ಲೋ ಅಂತ ಐವತ್ತು ವರ್ಷ ಅಂಜಕೋತ ಬದುಕಿದ. ಕಡೀಕ ಸತ್ತಿದ್ದು ಕಾಮಾಲಿಗೆ.'

ತೌಸಿಫ್ ಅವಳ ಭುಜ ಹಿಡಿದು ಕೂರಿಸಲು ನೋಡಿದ. ಅವಳು ಕೂರಲಿಲ್ಲ.

'ನೀವು ಹೋಗಿ ಬಂದು ಮಾಡತಿದ್ರಿ. ಅಂವ ಇರೂ ಮುಂದ ಒಂದ ಮಾತು ಹೇಳಬಾರದಿತ್ತೇನ್ರಿ?'

ಹೋಗಿ ಬಂದು ಮಾಡುತ್ತಿದ್ದದ್ದು ನಿಜ. ಹನೀಫ್ ಹಾವೇರಿಯಲ್ಲಿ ಕೋರ್ಟಿನ ಹತ್ತಿರ ವಕೀಲರ ಕರಿ ಕೋಟು ಹೊಲಿಯುತ್ತ ಬದುಕು ಕಳೆದ. ಬೀಜದ ವ್ಯಾಪಾರಕ್ಕೆಂದು ಹಾವೇರಿಗೆ ಹೋದಾಗಲೆಲ್ಲ ಅವನ ಅಂಗಡಿಗೆ ಹೋಗುತ್ತಿದ್ದೆ, ತಿಂಗಳಿಗೆ ಎರಡು ಸಲವಾದರೂ. ಅವನು ಮಷಿನ್ನು ನಿಲ್ಲಿಸಿ ನನಗೆ ಸ್ಟೂಲು ಸರಿಸುತ್ತಿದ್ದ. ಕೂತ ಕೂಡಲೇ ನಾನು ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ ಮಾತು: 'ಎದಿ ಹೆಂಗೈತೋ ಹನೀಫಾ?'